ಪ್ರಿಂಟರ್ ಭಾಷೆ ಗೊತ್ತಿದ್ದರೆ ದುಡ್ಡೂ ಉಳಿಯುತ್ತೆ, ಗುಟ್ಟೂ ಉಳಿಯುತ್ತೆ

ಸಾಫ್ಟ್‌ವೇರ್ ಎಂಜಿನಿಯರ್ ಅಂದರೆ ನಮ್ಮ ನೆಂಟರಿಷ್ಟರ ಪಾಲಿಗೆ ಪ್ರಿಂಟರ್ ಸರಿ ಮಾಡುವವನು ಅಂತಲೇ ಅರ್ಥ. ಮದುವೆಮನೆಯಲ್ಲಿ ಎಲೆ ಮುಂದೆ ಕೂತಾಗಲೂ ಯಾರಾದರೊಬ್ಬರು ‘ನಮ್ಮ ಆಫೀಸಿನ ಮಷೀನಲ್ಲಿ ಎರಡೂ ಕಡೆ ಪ್ರಿಂಟ್ ಬರ್ತಿಲ್ಲ, ಏನಪ್ಪಾ ಮಾಡೋದು?’ ಅಂತ ಕೇಳದೆ ಬಿಡುವುದಿಲ್ಲ. ನಾನು ಬರೆಯುವ ಕೋಡಿಗೂ ಅವರ ಮಷೀನಿಗೂ ಸಂಬಂಧ ಇಲ್ಲ ಅಂತ ಹೇಳಿ ಪ್ರಯೋಜನವಿಲ್ಲ. ಹೀಗೆ ನೋಡುತ್ತಾ ನೋಡುತ್ತಾ ನನಗೆ ಒಂದು ವಿಷಯ ಗೊತ್ತಾಗಿದೆ. ಹತ್ತರಲ್ಲಿ ಎಂಟು ಸಲ ಕೆಟ್ಟಿರುವುದು ಮಷೀನಲ್ಲ. ಅದರ ಪರದೆ ಮೇಲಿರುವ ಪದಗಳ ಅರ್ಥವನ್ನು ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ, ಅಷ್ಟೆ.

ಡುಪ್ಲೆಕ್ಸ್, ಕೊಲೇಟ್, ಬೈಪಾಸ್, ಇಸಿಎಂ, ಸೆಕ್ಯೂರ್ ಪ್ರಿಂಟ್... ನೋಡಿದರೆ ತಲೆ ತಿರುಗುತ್ತೆ. ಆದರೆ ಈ ಪದಗಳಲ್ಲಿ ಹೆಚ್ಚಿನವು ಎರಡೇ ಪ್ರಶ್ನೆಗಳಿಗೆ ಉತ್ತರ ಹೇಳುತ್ತವೆ. ಈ ಪುಟಕ್ಕೆ ನನಗೆ ಎಷ್ಟು ಖರ್ಚಾಗುತ್ತೆ? ಈ ಪುಟ ನನ್ನನ್ನು ಬಿಟ್ಟು ಇನ್ಯಾರ ಕಣ್ಣಿಗೆ ಬೀಳುತ್ತೆ? ಈ ಎರಡನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪ್ರಿಂಟರ್ ಭಾಷೆ ಅಷ್ಟೇನೂ ಕಷ್ಟವಲ್ಲ.

‘ಜೆರಾಕ್ಸ್’ ಅಂದರೆ ಒಣ ಬರಹ

ನಮ್ಮಲ್ಲಿ ಫೋಟೊಕಾಪಿ ಅಂತ ಯಾರೂ ಅನ್ನುವುದಿಲ್ಲ, ‘ಎರಡು ಜೆರಾಕ್ಸ್ ಮಾಡಿಸ್ಕೊಂಡು ಬಾ’ ಅಂತಲೇ ಹೇಳುತ್ತೇವೆ. ಕಂಪನಿಯ ಹೆಸರೇ ಕೆಲಸದ ಹೆಸರಾಗಿ ಹೋಗಿದೆ. ಆ ಹೆಸರು ಬಂದದ್ದು ‘ಜೆರೋಗ್ರಫಿ’ ಅನ್ನುವ ಪದದಿಂದ. ಗ್ರೀಕ್ ಭಾಷೆಯಲ್ಲಿ ‘ಜೆರೋಸ್’ ಅಂದರೆ ಒಣಗಿದ್ದು. ಶಾಯಿಯಿಲ್ಲದ ಒಣ ಬರಹ ಅಂತ ಅರ್ಥ. ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ ಪೇಟೆಂಟ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದವರು. ದಾಖಲೆಗಳ ನಕಲು ತೆಗೆಯುವ ಕಷ್ಟ ನೋಡಿ ಬೇಸತ್ತು, 1938ರ ಅಕ್ಟೋಬರ್ 22ರಂದು ನ್ಯೂಯಾರ್ಕ್‌ನ ಅಸ್ಟೋರಿಯಾದಲ್ಲಿ ಮೊದಲ ಒಣ ನಕಲು ತೆಗೆದರು. ಆಫೀಸುಗಳಿಗೆ ಇದನ್ನು ತಲುಪಿಸಿದ ‘ಜೆರಾಕ್ಸ್ 914’ ಮಷೀನ್ ಬಂದದ್ದು 1959ರಲ್ಲಿ. 9 ಇಂಚು ಅಗಲ, 14 ಇಂಚು ಉದ್ದದ ಹಾಳೆಯವರೆಗೆ ನಕಲು ಮಾಡುತ್ತಿತ್ತು, ಅದಕ್ಕೇ 914.

ಇಂದಿನ ಲೇಸರ್ ಪ್ರಿಂಟರಿನ ಒಳಗೂ ಅದೇ ತಂತ್ರ ಇದೆ. ‘ಟೋನರ್’ ಅಂದರೆ ಶಾಯಿಯಲ್ಲ, ಬಣ್ಣ ಬೆರೆಸಿದ ಪ್ಲಾಸ್ಟಿಕ್‌ನ ನಯವಾದ ಪುಡಿ. ‘ಡ್ರಮ್’ ಅಂದರೆ ಬೆಳಕು ಬಿದ್ದ ಕಡೆ ವಿದ್ಯುತ್ ಚಾರ್ಜ್ ಬದಲಾಗುವ ಉರುಳೆ. ಲೇಸರ್ ಅದರ ಮೇಲೆ ನಿಮ್ಮ ಪುಟವನ್ನು ಬರೆಯುತ್ತೆ, ಪುಡಿ ಅಲ್ಲಿ ಅಂಟಿಕೊಳ್ಳುತ್ತೆ, ಅಲ್ಲಿಂದ ಹಾಳೆಗೆ ಇಳಿಯುತ್ತೆ. ಕೊನೆಗೆ ‘ಫ್ಯೂಸರ್’ ಅನ್ನುವ ಬಿಸಿ ಉರುಳೆ ಇಸ್ತ್ರಿ ಹಾಕಿದ ಹಾಗೆ ಪುಡಿಯನ್ನು ಕರಗಿಸಿ ಹಾಳೆಗೆ ಕೂರಿಸುತ್ತೆ. ಪ್ರಿಂಟ್ ಆದ ಹಾಳೆ ಬಿಸಿಬಿಸಿಯಾಗಿ ಬರುವುದು ಇದಕ್ಕೇ.

ಈ ಮೂರು ಪದ ಗೊತ್ತಿದ್ದರೆ ಅರ್ಧ ರಿಪೇರಿ ಗೊತ್ತಿದ್ದ ಹಾಗೆ. ಬೆರಳಾಡಿಸಿದರೆ ಅಕ್ಷರ ಅಳಿಸಿಹೋಗುತ್ತಿದ್ದರೆ ಮೊದಲ ಅನುಮಾನ ಫ್ಯೂಸರ್ ಮೇಲೆ. ಪುಟದಲ್ಲಿ ಒಂದೇ ಅಂತರಕ್ಕೆ ಮತ್ತೆ ಮತ್ತೆ ಕಲೆ ಬರುತ್ತಿದ್ದರೆ ಡ್ರಮ್ ಅಥವಾ ಬೇರೊಂದು ಉರುಳೆಯ ಮೇಲೆ. ಪುಟವಿಡೀ ತೆಳುವಾಗಿದ್ದರೆ ಟೋನರ್ ಮೇಲೆ. ಟೋನರ್ ಬದಲಿಸಿದರೂ ಕಲೆ ಹೋಗಿಲ್ಲ ಅಂತ ಇನ್ನೊಂದು ಟೋನರ್ ತರಿಸುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಮೂಗಿಗಿಂತ ಮೂಗುತಿ ಭಾರ

ಹಾಸನದಲ್ಲಿ ನನ್ನ ಚಿಕ್ಕಪ್ಪನಿಗೆ ಸಣ್ಣದೊಂದು ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸಿದೆ. ಕೆಲವು ವರ್ಷಗಳ ಹಿಂದೆ ಅವರು ಪ್ರಿಂಟರ್ ಕೊಳ್ಳಲು ಹೊರಟಾಗ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: ‘ನಿಮಿಷಕ್ಕೆ ಎಷ್ಟು ಹಾಳೆ ಬರುತ್ತೋ?’ ಅದು ‘ಪಿಪಿಎಂ’. ಅಂಗಡಿಯವರು ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವುದೂ ಅದನ್ನೇ. ಆದರೆ ದಿನಕ್ಕೆ ಎರಡು–ಮೂರು ಪುಟಗಳ ಕಡತಗಳನ್ನು ಆಗಾಗ ಪ್ರಿಂಟ್ ಮಾಡುವ ಆಫೀಸಿಗೆ ನಿಮಿಷಕ್ಕೆ 30 ಹಾಳೆಯಾದರೇನು, 40 ಆದರೇನು? ಅಲ್ಲಿ ಕಾಯಿಸುವುದು ಮೊದಲ ಪುಟ. ಮಲಗಿದ್ದ ಮಷೀನ್ ಎದ್ದು, ಫ್ಯೂಸರ್ ಬಿಸಿಯಾಗಿ, ಮೊದಲ ಹಾಳೆ ಹೊರಬರಲು ಬೇಕಾದ ಸಮಯಕ್ಕೆ ‘ಫಸ್ಟ್ ಪೇಜ್ ಔಟ್’ ಅನ್ನುತ್ತಾರೆ. ಪಿಪಿಎಂ ಲೆಕ್ಕದಲ್ಲಿ ಅದು ಸೇರುವುದಿಲ್ಲ.

ನಾನು ಚಿಕ್ಕಪ್ಪನಿಗೆ ಹೇಳಿದ್ದು, ‘ಮೊದಲು ಪೇಜ್ ಯೀಲ್ಡ್ ಕೇಳಿ’ ಅಂತ. ಒಂದು ಕಾರ್ಟ್ರಿಜ್ ಎಷ್ಟು ಪುಟ ಕೊಡುತ್ತೆ ಅನ್ನುವುದೇ ಯೀಲ್ಡ್. ಲೆಕ್ಕಕ್ಕೆ ಅಂತ ಇಟ್ಟುಕೊಳ್ಳೋಣ: 4000 ರೂಪಾಯಿಯ ಕಾರ್ಟ್ರಿಜ್ 1500 ಪುಟ ಕೊಟ್ಟರೆ ಪುಟಕ್ಕೆ 2 ರೂಪಾಯಿ 67 ಪೈಸೆ. 7000 ರೂಪಾಯಿಯದು 7000 ಪುಟ ಕೊಟ್ಟರೆ ಪುಟಕ್ಕೆ ಒಂದೇ ರೂಪಾಯಿ. ತಿಂಗಳಿಗೆ 1500 ಪುಟ ಪ್ರಿಂಟ್ ಮಾಡುವ ಆಫೀಸಿಗೆ ವರ್ಷಕ್ಕೆ 30 ಸಾವಿರ ರೂಪಾಯಿ ವ್ಯತ್ಯಾಸ! ಅಗ್ಗದ ಪ್ರಿಂಟರ್ ತಂದವರ ಗೋಳು ಇದೇ, ಮೂಗಿಗಿಂತ ಮೂಗುತಿ ಭಾರ.

ಇಲ್ಲಿ ಇನ್ನೆರಡು ಸೂಕ್ಷ್ಮ ಇವೆ. ಡಬ್ಬದ ಮೇಲಿನ ಯೀಲ್ಡ್ ಸಂಖ್ಯೆಯನ್ನು ಸಾಮಾನ್ಯವಾಗಿ ಹಾಳೆಯ ಶೇ 5ರಷ್ಟು ಭಾಗ ಮಾತ್ರ ಕಪ್ಪಾಗುವ ಪುಟವನ್ನು ಇಟ್ಟುಕೊಂಡು ಲೆಕ್ಕ ಹಾಕಿರುತ್ತಾರೆ. ಅಂದರೆ ಒಂದು ಸಾದಾ ಪತ್ರ. ಗೆರೆ, ಬಣ್ಣ ತುಂಬಿದ ಕೋಷ್ಟಕ, ಫೋಟೊ ಪ್ರಿಂಟ್ ಮಾಡಿದರೆ ಅಷ್ಟು ಪುಟ ಬರುವುದಿಲ್ಲ. ಎರಡನೆಯದು, ಹೊಸ ಪ್ರಿಂಟರ್ ಜತೆ ಬರುವುದು ಅನೇಕ ಸಲ ‘ಸ್ಟಾರ್ಟರ್’ ಕಾರ್ಟ್ರಿಜ್. ಅದರಲ್ಲಿ ಪುಡಿ ಕಡಿಮೆ. ಬೇಗ ಖಾಲಿಯಾಯಿತು ಅಂತ ಗಾಬರಿಯಾಗಬೇಡಿ.

‘ಡ್ಯೂಟಿ ಸೈಕಲ್’ ಅನ್ನುವುದು ಇನ್ನೊಂದು ಮಾಯೆ. ತಿಂಗಳಿಗೆ 50,000 ಪುಟ ಅಂತ ಬರೆದಿದ್ದರೆ ಅದು ಮಷೀನ್ ತಡೆದುಕೊಳ್ಳಬಲ್ಲ ಗರಿಷ್ಠ ಮಿತಿ. ಆರೋಗ್ಯವಾಗಿ ಓಡಬೇಕಾದರೆ ಎಷ್ಟು ಅನ್ನುವುದನ್ನು ‘ರೆಕಮೆಂಡೆಡ್ ಮಂತ್ಲಿ ವಾಲ್ಯೂಮ್’ ಅಂತ ಬೇರೆ ಬರೆದಿರುತ್ತಾರೆ. ಆ ಸಂಖ್ಯೆ ಬಹಳ ಚಿಕ್ಕದಾಗಿರುತ್ತೆ. ನೋಡಬೇಕಾದ್ದು ಅದನ್ನೇ.

ಕೊನೆಗೆ ಚಿಕ್ಕಪ್ಪ ದೊಡ್ಡ ಮಷೀನೊಂದನ್ನು ಬಾಡಿಗೆಗೇ ತರಿಸಿದರು. ಬಾಡಿಗೆ ಮಷೀನಿಗೆ ‘ಕ್ಲಿಕ್’ ಲೆಕ್ಕ. ಒಂದು ಬದಿ ಅಚ್ಚಾದರೆ ಒಂದು ಕ್ಲಿಕ್. ಎರಡೂ ಬದಿ ಪ್ರಿಂಟ್ ಮಾಡಿದರೆ ಹಾಳೆ ಉಳಿಯುತ್ತೆ, ಕ್ಲಿಕ್ ಉಳಿಯುವುದಿಲ್ಲ. ಬಣ್ಣದ ಕ್ಲಿಕ್ ದರ ಕಪ್ಪು–ಬಿಳುಪಿಗಿಂತ ಹಲವು ಪಟ್ಟು. ಮೂಲೆಯಲ್ಲಿ ಒಂದು ನೀಲಿ ಲೋಗೊ ಇದ್ದರೂ ಆ ಪುಟ ಸಾಮಾನ್ಯವಾಗಿ ಬಣ್ಣದ ಲೆಕ್ಕಕ್ಕೇ ಹೋಗುತ್ತೆ. ಕಂಪ್ಯೂಟರಿನಲ್ಲಿ ಮೊದಲೇ ಕಪ್ಪು–ಬಿಳುಪು ಅಂತ ಇಟ್ಟುಬಿಡಿ, ಬಣ್ಣ ಬೇಕಾದಾಗ ಮಾತ್ರ ಬದಲಿಸಿಕೊಳ್ಳಿ.

ಹಾಳೆಯ ಲೆಕ್ಕವೂ ಹೇಳಿಬಿಡುತ್ತೇನೆ. ‘ಜಿಎಸ್ಎಂ’ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ. ಎ4 ಹಾಳೆ ಒಂದು ಚದರ ಮೀಟರಿನ ಹದಿನಾರನೇ ಒಂದು ಭಾಗ. ಹಾಗಾಗಿ 80 ಜಿಎಸ್ಎಂ ಹಾಳೆ ಸರಿಯಾಗಿ 5 ಗ್ರಾಂ, 500 ಹಾಳೆಯ ಕಟ್ಟು ಎರಡೂವರೆ ಕೆಜಿ. 70 ಜಿಎಸ್ಎಂ ಆದರೆ ಸುಮಾರು 2.2 ಕೆಜಿ. ಅನುಮಾನ ಬಂದರೆ ಅಡುಗೆಮನೆಯ ತಕ್ಕಡಿಯಲ್ಲೇ ನೋಡಬಹುದು.

ಪರದೆ ಮೇಲಿನ ಪದಗಳು

‘ಸಿಂಪ್ಲೆಕ್ಸ್’ ಅಂದರೆ ಒಂದೇ ಬದಿ, ‘ಡುಪ್ಲೆಕ್ಸ್’ ಅಂದರೆ ಎರಡೂ ಬದಿ. ಡುಪ್ಲೆಕ್ಸ್‌ನಲ್ಲಿ ‘ಲಾಂಗ್ ಎಡ್ಜ್’ ಆರಿಸಿದರೆ ಪುಸ್ತಕದ ಹಾಗೆ ಮಗುಚಬಹುದು. ‘ಶಾರ್ಟ್ ಎಡ್ಜ್’ ಆರಿಸಿದರೆ ಗೋಡೆ ಕ್ಯಾಲೆಂಡರಿನ ಹಾಗೆ ಮೇಲಕ್ಕೆ ಮಗುಚಬೇಕು. ಹಿಂಬದಿ ತಲೆಕೆಳಗಾಗಿ ಬಂತು ಅನ್ನುವ ದೂರಿಗೆ ಪರಿಹಾರ ಇಷ್ಟೇ. ‘ಕೊಲೇಟ್’ ಅಂದರೆ ಸೆಟ್ ಮಾಡಿ ಕೊಡುವುದು: 1, 2, 3, ಮತ್ತೆ 1, 2, 3. ಅದಿಲ್ಲದಿದ್ದರೆ ಮೊದಲ ಪುಟಗಳೆಲ್ಲ ಒಟ್ಟಿಗೆ, ಎರಡನೆಯವೆಲ್ಲ ಒಟ್ಟಿಗೆ ಬರುತ್ತವೆ. ಆಮೇಲೆ ನೆಲದ ಮೇಲೆ ಹರಡಿಕೊಂಡು ಜೋಡಿಸುತ್ತಾ ಕೂರಬೇಕು. ‘ಬೈಪಾಸ್ ಟ್ರೇ’ ಅಂದರೆ ಪಕ್ಕದಲ್ಲಿ ಬಿಚ್ಚಿಕೊಳ್ಳುವ ತಟ್ಟೆ. ದಪ್ಪ ಹಾಳೆ, ಲಕೋಟೆ, ಲೆಟರ್‌ಹೆಡ್ ಇವನ್ನೆಲ್ಲ ಅಲ್ಲಿ ಇಡಬೇಕು.

‘ಎಡಿಎಫ್’ ಅಂದರೆ ಮೇಲ್ಗಡೆ ಹಾಳೆಗಳ ಕಟ್ಟು ಇಟ್ಟರೆ ಒಂದೊಂದಾಗಿ ಎಳೆದುಕೊಳ್ಳುವ ಭಾಗ. ಕಾಪಿಯಲ್ಲಿ ಉದ್ದಕ್ಕೆ ಕಪ್ಪು ಗೆರೆ ಬರುತ್ತಿದೆಯಾ? ಅದೇ ಹಾಳೆಯನ್ನು ಗಾಜಿನ ಮೇಲಿಟ್ಟು ನೋಡಿ. ಗೆರೆ ಬರದಿದ್ದರೆ ದೋಷ ಟೋನರಿನದ್ದಲ್ಲ. ದೊಡ್ಡ ಗಾಜಿನ ಪಕ್ಕದಲ್ಲಿ ಒಂದು ಬೆರಳಗಲದ ಗಾಜಿನ ಪಟ್ಟಿ ಇರುತ್ತೆ. ಎಡಿಎಫ್‌ನಿಂದ ಹೋಗುವ ಹಾಳೆಯನ್ನು ಮಷೀನ್ ಓದುವುದು ಅಲ್ಲಿಂದ. ಅದರ ಮೇಲೆ ವೈಟ್ನರ್ ಚುಕ್ಕಿಯೋ ಅಂಟೋ ಕೂತಿರುತ್ತೆ. ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಮುಗಿಯಿತು.

ಟ್ರೇ ತುಂಬಾ ಹಾಳೆ ಇದ್ದರೂ ‘ಲೋಡ್ ಲೆಟರ್’ ಅಂತ ಮಷೀನ್ ಹಟ ಹಿಡಿಯುವುದುಂಟು. ಅದು ಪತ್ರ ಕೇಳುತ್ತಿಲ್ಲ. ‘ಲೆಟರ್’ ಅಮೆರಿಕದ ಹಾಳೆಯ ಅಳತೆ, 216 × 279 ಮಿಲಿಮೀಟರ್. ನಮ್ಮ ಎ4 ಅಳತೆ 210 × 297. ಕಡತ ತಯಾರಿಸಿದ ಸಾಫ್ಟ್‌ವೇರ್‌ನಲ್ಲಿ ಅಳತೆ ‘ಲೆಟರ್’ ಅಂತ ಉಳಿದುಬಿಟ್ಟರೆ ಹೀಗಾಗುತ್ತೆ. ‘ಲೀಗಲ್’ ಕಥೆಯೂ ಹೀಗೇ. ಅಮೆರಿಕದ ಲೀಗಲ್ 14 ಇಂಚು ಉದ್ದ. ನಮ್ಮಲ್ಲಿ ಲೀಗಲ್ ಅಂತ ಸಿಗುವ ಹಾಳೆ ಅನೇಕ ಸಲ ಅದಕ್ಕಿಂತ ಸ್ವಲ್ಪ ಗಿಡ್ಡ. ಅದಕ್ಕೇ ಕರಾರುಪತ್ರದ ಕೊನೆಯ ಸಾಲು ಕತ್ತರಿಸಿಹೋಗುವುದು.

ಸ್ಕ್ಯಾನ್: ಹೆಚ್ಚಾದರೆಲ್ಲ ಒಳ್ಳೆಯದಲ್ಲ

ಅರ್ಜಿ ಹಾಕುವಾಗ ‘200 ಕೆಬಿ ಒಳಗಿರಲಿ’ ಅನ್ನುವ ಪೋರ್ಟಲ್‌ಗಳ ಮುಂದೆ ನಾವೆಲ್ಲ ಒದ್ದಾಡಿದವರೇ. ಇಲ್ಲಿ ಗೊತ್ತಿರಬೇಕಾದ ಪದ ‘ಡಿಪಿಐ’, ಒಂದು ಇಂಚಿಗೆ ಎಷ್ಟು ಚುಕ್ಕಿ ಅಂತ. ಎ4 ಹಾಳೆಯನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 2480 × 3508, ಅಂದರೆ ಸುಮಾರು 87 ಲಕ್ಷ ಚುಕ್ಕಿ. 600ಕ್ಕೆ ಏರಿಸಿದರೆ ಅದು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅಗಲಕ್ಕೂ ಎರಡು ಪಟ್ಟು, ಉದ್ದಕ್ಕೂ ಎರಡು ಪಟ್ಟು ನೋಡಿ. ಬಣ್ಣದ ಬದಲು ಬೂದು ಆರಿಸಿದರೆ ಕಂಪ್ರೆಸ್ ಮಾಡುವ ಮೊದಲಿನ ಗಾತ್ರ ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ. ಮಾರ್ಕ್ಸ್ ಕಾರ್ಡು, ಬಾಡಿಗೆ ಕರಾರು ಇಂಥವಕ್ಕೆ 200ರಿಂದ 300 ಡಿಪಿಐ, ಬೂದು ಬಣ್ಣ ಸಾಕು.

ಹಾಗಂತ ‘ಕಂಪ್ರೆಷನ್’ ಅನ್ನು ಕಣ್ಣು ಮುಚ್ಚಿ ಏರಿಸಬೇಡಿ. 2013ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ಒಂದು ವಿಚಿತ್ರ ಬಯಲು ಮಾಡಿದರು. ಕಟ್ಟಡದ ನಕ್ಷೆಯೊಂದನ್ನು ಜೆರಾಕ್ಸ್ ವರ್ಕ್‌ಸೆಂಟರ್ ಮಷೀನಿನಲ್ಲಿ ಸ್ಕ್ಯಾನ್ ಮಾಡಿದಾಗ, 21.11 ಚದರ ಮೀಟರಿನ ಕೋಣೆ 14.13 ಅಂತ ಬಂದಿತ್ತು! ಮಸುಕಲ್ಲ, ಕಲೆಯಲ್ಲ, ಸ್ಪಷ್ಟವಾದ ತಪ್ಪು ಅಂಕಿ. ಕಡತದ ಗಾತ್ರ ಇಳಿಸಲು ಮಷೀನ್ ಒಂದೇ ಥರ ಕಾಣುವ ತುಣುಕುಗಳನ್ನು ಒಂದು ಸಲ ಮಾತ್ರ ಉಳಿಸಿಕೊಂಡು ಎಲ್ಲ ಕಡೆ ಅದನ್ನೇ ಅಂಟಿಸುತ್ತಿತ್ತು. ಹಾಗೆ ಮಾಡುವಾಗ ಬೇರೆ ಅಂಕಿಯನ್ನೂ ‘ಒಂದೇ ಥರ’ ಅಂದುಕೊಂಡುಬಿಟ್ಟಿತ್ತು. ಆಮೇಲೆ ಕಂಪನಿ ಸಾಫ್ಟ್‌ವೇರ್ ಸರಿಪಡಿಸಿತು. ಆದರೂ ಪಾಠ ಉಳಿಯುತ್ತೆ: ಅಂಕಿ ಮುಖ್ಯವಾದ ಕಾಗದಗಳಿಗೆ ಅತಿ ಸಣ್ಣ ಕಡತದ ಆಯ್ಕೆ ಬೇಡ. ಸ್ಕ್ಯಾನ್ ಆಯಿತು ಅಂತ ಮೂಲ ಪ್ರತಿಯನ್ನು ಹರಿದು ಹಾಕುವುದಂತೂ ಬೇಡವೇ ಬೇಡ.

ಫ್ಯಾಕ್ಸ್ ಇನ್ನೂ ಸತ್ತಿಲ್ಲ

ನಮ್ಮ ವಯಸ್ಸಿನ ಅನೇಕರು ಫ್ಯಾಕ್ಸ್ ಕಳಿಸಿಯೇ ಇಲ್ಲ. ಆದರೆ ಆಫೀಸಿನ ಬಹುತೇಕ ದೊಡ್ಡ ಮಷೀನುಗಳಲ್ಲಿ ಆ ಗುಂಡಿ ಈಗಲೂ ಇದೆ. ಅಮೆರಿಕದಲ್ಲಿರುವ ಗೆಳೆಯರನ್ನು ಕೇಳಿ ನೋಡಿ, ಅಲ್ಲಿನ ಡಾಕ್ಟರ್ ಕ್ಲಿನಿಕ್‌ಗಳು ಇಂದಿಗೂ ರಿಪೋರ್ಟುಗಳನ್ನು ಫ್ಯಾಕ್ಸ್ ಮಾಡುತ್ತವೆ. 2021ರಲ್ಲಿ ಜಪಾನಿನ ಸಚಿವ ಟಾರೊ ಕೊನೊ ಸರ್ಕಾರಿ ಕಚೇರಿಗಳಲ್ಲಿ ಫ್ಯಾಕ್ಸ್ ನಿಲ್ಲಿಸಲು ಹೊರಟಾಗ ಇಲಾಖೆಗಳೇ ಆಗುವುದಿಲ್ಲ ಅಂದವು. ಇದು ಫೋನಿಗಿಂತ ಹಳೆಯ ವಿದ್ಯೆ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬೇನ್ ತಂತಿಯ ಮೂಲಕ ಚಿತ್ರ ಕಳಿಸುವ ಉಪಾಯಕ್ಕೆ ಪೇಟೆಂಟ್ ಪಡೆದದ್ದು 1843ರಲ್ಲಿ. ಬೆಲ್ ಅವರ ಟೆಲಿಫೋನ್ ಪೇಟೆಂಟ್ 1876ರದ್ದು.

ಫ್ಯಾಕ್ಸ್ ಹೋಗುವಾಗ ಕೇಳುವ ಕೀರಲು ಸದ್ದಿಗೆ ‘ಹ್ಯಾಂಡ್‌ಶೇಕ್’ ಅನ್ನುತ್ತಾರೆ. ‘ನಿನಗೆ ಎಷ್ಟು ವೇಗ ಆಗುತ್ತೆ? ಎಷ್ಟು ಸೂಕ್ಷ್ಮ ಆಗುತ್ತೆ?’ ಅಂತ ಎರಡು ಮಷೀನುಗಳು ಮಾತಾಡಿಕೊಳ್ಳುವುದು ಅದು. ಲೈನ್ ಸರಿಯಿಲ್ಲದಿದ್ದರೆ ಸೆಕೆಂಡಿಗೆ 14,400 ಬಿಟ್‌ನಿಂದ 9,600ಕ್ಕೆ ಇಳಿದುಕೊಳ್ಳುತ್ತವೆ. ‘ಸ್ಟ್ಯಾಂಡರ್ಡ್’ ಅಂದರೆ ಉದ್ದಕ್ಕೆ ಇಂಚಿಗೆ 98 ಗೆರೆ, ‘ಫೈನ್’ ಅಂದರೆ 196. ಸಣ್ಣ ಅಕ್ಷರದ ಕಾಗದಕ್ಕೆ ಫೈನ್ ಬೇಕು. ‘ಇಸಿಎಂ’ ಅಂದರೆ ದಾರಿಯಲ್ಲಿ ಕೆಟ್ಟ ಭಾಗವನ್ನು ಮತ್ತೆ ಕೇಳಿ ಪಡೆಯುವ ವ್ಯವಸ್ಥೆ.

ಎಲ್ಲಕ್ಕಿಂತ ಮುಖ್ಯ ‘ಟ್ರಾನ್ಸ್‌ಮಿಷನ್ ರಿಪೋರ್ಟ್’. ಅದರಲ್ಲಿ ‘ಓಕೆ’ ಅಂತ ಬಂದರೆ ಆ ಕಡೆಯ ಮಷೀನಿಗೆ ತಲುಪಿತು ಅಂತ ಅರ್ಥ, ಮನುಷ್ಯರಿಗೆ ತಲುಪಿತು ಅಂತಲ್ಲ. ಈ ವ್ಯತ್ಯಾಸ ಎಷ್ಟು ದೊಡ್ಡದು ಅನ್ನುವುದನ್ನು ದೇಶ 2018ರ ನವೆಂಬರ್ 21ರಂದು ನೋಡಿತು. ಜಮ್ಮು–ಕಾಶ್ಮೀರದಲ್ಲಿ ಸರ್ಕಾರ ರಚಿಸುವ ಹಕ್ಕು ಮಂಡಿಸಿದ ಪತ್ರವನ್ನು ರಾಜಭವನಕ್ಕೆ ಫ್ಯಾಕ್ಸ್ ಮಾಡಲು ಯತ್ನಿಸಿದೆ, ಹೋಗಲಿಲ್ಲ ಅಂತ ಮೆಹಬೂಬಾ ಮುಫ್ತಿ ಟ್ವೀಟ್ ಮಾಡಿದರು. ಅದೇ ರಾತ್ರಿ ರಾಜ್ಯಪಾಲ ಸತ್ಯಪಾಲ್ ಮಲಿಕ್ ವಿಧಾನಸಭೆ ವಿಸರ್ಜಿಸಿದರು. ಈದ್ ರಜೆ ಇತ್ತು, ಫ್ಯಾಕ್ಸ್ ನೋಡಿಕೊಳ್ಳಲು ಯಾರೂ ಇರಲಿಲ್ಲ ಅಂತ ಆಮೇಲೆ ಹೇಳಿದರು. ರಾಜಕೀಯ ಏನೇ ಇರಲಿ, ಮುಖ್ಯವಾದ ಕಾಗದ ಕಳಿಸಿದಾಗ ರಿಪೋರ್ಟ್ ತೆಗೆದಿಡಿ, ಒಂದು ಫೋನ್ ಮಾಡಿ ಕೇಳಿ.

ಮಷೀನಿನ ನೆನಪು

ಈಗ ಎರಡನೇ ಪ್ರಶ್ನೆಗೆ ಬರೋಣ, ಇನ್ಯಾರು ನೋಡುತ್ತಾರೆ? ಆಫೀಸಿನಲ್ಲಿ ಸಂಬಳದ ಪತ್ರ ಪ್ರಿಂಟ್ ಕೊಟ್ಟು ಓಡೋಡಿ ಮಷೀನ್ ಹತ್ತಿರ ಹೋಗುವ ಬದಲು ‘ಸೆಕ್ಯೂರ್ ಪ್ರಿಂಟ್’ ಆರಿಸಿ. ನೀವು ಮಷೀನ್ ಮುಂದೆ ನಿಂತು ಪಿನ್ ಒತ್ತಿದ ಮೇಲೆಯೇ ಹಾಳೆ ಹೊರಬರುತ್ತೆ.

ಹಾಳೆ ಎತ್ತಿಕೊಂಡ ಮೇಲೂ ಕಥೆ ಮುಗಿಯುವುದಿಲ್ಲ. ದೊಡ್ಡ ಮಲ್ಟಿಫಂಕ್ಷನ್ ಮಷೀನುಗಳ ಒಳಗೆ ಅನೇಕ ಸಲ ಕಂಪ್ಯೂಟರಿನ ಹಾಗೆಯೇ ಹಾರ್ಡ್ ಡಿಸ್ಕ್ ಇರುತ್ತೆ. ಕಾಪಿ ಮಾಡಿದ್ದು, ಸ್ಕ್ಯಾನ್ ಮಾಡಿದ್ದು, ಬಂದ ಫ್ಯಾಕ್ಸ್, ಇವೆಲ್ಲದರ ಗುರುತು ಅಲ್ಲಿ ಉಳಿಯಬಹುದು. ಅಮೆರಿಕದ ಅಫಿನಿಟಿ ಹೆಲ್ತ್ ಪ್ಲಾನ್ ಅನ್ನುವ ವಿಮಾ ಸಂಸ್ಥೆ ಬಾಡಿಗೆ ಕಾಪಿಯರ್‌ಗಳನ್ನು ಡಿಸ್ಕ್ ಅಳಿಸದೆ ವಾಪಸ್ ಕೊಟ್ಟಿತ್ತು. ಸುಮಾರು 3.44 ಲಕ್ಷ ಜನರ ಮಾಹಿತಿ ಹೊರಹೋಗಿರಬಹುದು ಅನ್ನುವ ಆ ಪ್ರಕರಣದಲ್ಲಿ 2013ರಲ್ಲಿ 12 ಲಕ್ಷ ಡಾಲರಿಗೂ ಹೆಚ್ಚು ಕಟ್ಟಬೇಕಾಯಿತು.

ಚಿಕ್ಕಪ್ಪನ ಆಫೀಸಿನ ಬಾಡಿಗೆ ಮಷೀನಿನ ಅವಧಿ ಮುಗಿದಾಗ ನಾನು ಊರಲ್ಲೇ ಇದ್ದೆ. ಒಯ್ಯಲು ಬಂದ ಹುಡುಗನನ್ನು ಡಿಸ್ಕ್ ಬಗ್ಗೆ ಕೇಳಿದೆ. ‘ಅದರಲ್ಲೇನೂ ಇರಲ್ಲ ಸಾರ್’ ಅಂದ. ಸುಳ್ಳು ಹೇಳುತ್ತಿರಲಿಲ್ಲ, ಅವನಿಗೂ ಯಾರೂ ಹೇಳಿರಲಿಲ್ಲ. ಪರದೆಯಲ್ಲಿ ‘ಡಾಕ್ಯುಮೆಂಟ್ ಬಾಕ್ಸ್’ ತೆರೆದು ತೋರಿಸಿದೆ. ಕ್ಲೈಂಟುಗಳ ಪ್ಯಾನ್ ಕಾರ್ಡು, ಬ್ಯಾಂಕ್ ಸ್ಟೇಟ್‌ಮೆಂಟು, ಒಬ್ಬರ ಆಸ್ತಿ ಭಾಗದ ಪತ್ರ ಸಾಲಾಗಿ ಕೂತಿದ್ದವು. ಪಕ್ಕದ ಅಡ್ರೆಸ್ ಬುಕ್ಕಿನಲ್ಲಿ ಎಲ್ಲರ ಇಮೇಲ್. ಚಿಕ್ಕಪ್ಪ ಕನ್ನಡಕ ಸರಿ ಮಾಡಿಕೊಂಡು ನೋಡಿದರು. ‘ಅಣ್ಣತಮ್ಮಂದಿರ ಮಧ್ಯೆ ಗೊತ್ತಾಗಬಾರದು ಅಂತ ನನ್ನ ಕೈಗೆ ಕೊಟ್ಟ ಕಾಗದ ಕಣೋ ಅದು’ ಅಂದರು. ಅವರಿಗೆ ಅದು ಡೇಟಾ ಅಲ್ಲ, ನಂಬಿಕೆ. ‘ಓವರ್‌ರೈಟ್’ ಅಂದರೆ ಹಳೆಯದರ ಮೇಲೆ ಬೇರೇನೋ ಬರೆದು ಅಳಿಸುವುದು. ಆ ಆಯ್ಕೆ ಹುಡುಕಿ ಒತ್ತಿದೆವು. ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಹುಡುಗ ಕಾಫಿ ಕುಡಿದು, ಕಾದು, ಒಯ್ದ.

ಬೀದಿಯ ಜೆರಾಕ್ಸ್ ಅಂಗಡಿಗೂ ಇದೇ ಎಚ್ಚರ ಬೇಕು. ಅಂಗಡಿಯ ನಂಬರಿಗೆ ವಾಟ್ಸ್ಆ್ಯಪ್ ಮಾಡಿದ ಆಧಾರ್ ಅವರ ಕಂಪ್ಯೂಟರಿನಲ್ಲಿ ಉಳಿಯುತ್ತೆ. ನೀವು ಚಾಟ್‌ನಲ್ಲಿ ಅಳಿಸಿದರೂ ಡೌನ್‌ಲೋಡ್ ಆದ ಕಡತ ಅಲ್ಲೇ ಇರಬಹುದು. ಪ್ರಿಂಟ್ ಆದ ಮೇಲೆ ‘ಅಣ್ಣಾ, ಡಿಲೀಟ್ ಮಾಡಿಬಿಡಿ’ ಅಂತ ನಿಂತು ಮಾಡಿಸಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಕೊಡಬಹುದಾದ ಕಡೆ ಅದನ್ನೇ ಕೊಡಿ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಇದನ್ನೇ ಹೇಳಿ ಪ್ರಕಟಣೆ ಕೊಟ್ಟಿತ್ತು. ತಪ್ಪಾಗಿ ಅರ್ಥ ಮಾಡಿಕೊಳ್ಳಬಹುದು ಅಂತ ಎರಡೇ ದಿನದಲ್ಲಿ ಅದನ್ನು ಹಿಂಪಡೆಯಲಾಯಿತು. ಮಾಸ್ಕ್ಡ್ ಆಧಾರ್ ಸೌಲಭ್ಯ ಮಾತ್ರ ಹಾಗೇ ಇದೆ.

ಹೊಸ ಮಷೀನ್ ಬಂದಾಗ ಚಿಕ್ಕಪ್ಪ ಬಾಡಿಗೆ ಕರಾರಿನಲ್ಲಿ ತಾವೇ ಒಂದು ಸಾಲು ಸೇರಿಸಿದರು: ‘ವಾಪಸ್ ಒಯ್ಯುವ ಮುನ್ನ ಡಿಸ್ಕ್ ಅಳಿಸಿ, ಅಳಿಸಿದ ರಿಪೋರ್ಟ್ ಕೊಡತಕ್ಕದ್ದು.’ ನಿಮ್ಮ ಆಫೀಸಿನಲ್ಲೂ ಬಾಡಿಗೆ ಮಷೀನ್ ಇದ್ದರೆ ಕರಾರು ತೆಗೆದು ನೋಡಿ. ಆ ಸಾಲು ಇಲ್ಲದಿದ್ದರೆ ಸೇರಿಸಲು ಹೇಳಿ. ಅದಕ್ಕೆ ಎಂಜಿನಿಯರ್ ಬೇಕಿಲ್ಲ, ಒಂದು ಪೆನ್ನು ಸಾಕು.